‘ಅಮ್ಮ ಬಂದ’ ಅಂದರೆ ನಗಬೇಡಿ

ಮಾನ್ಯರೇ,

ತೈವಾನಿನಲ್ಲಿ ಇಂಗ್ಲಿಷ್ ಕಲಿಸುವವರಿಗೆ ವ್ಯಾಕರಣಕ್ಕಿಂತ ಮೊದಲು ಬೇಕಾದದ್ದು ನಗು ತಡೆಯುವ ಶಕ್ತಿ. ಮಕ್ಕಳು ಅಮ್ಮನಿಗೂ ಅಜ್ಜಿಗೂ ‘ಹೀ’ ಅನ್ನುತ್ತಾರೆ. ಅದು ಅಜಾಗರೂಕತೆಯಲ್ಲ. ಚೀನಿಯಲ್ಲಿ ಅವನು, ಅವಳು, ಅದು ಮೂರಕ್ಕೂ ಉಚ್ಚಾರ ಒಂದೇ, ‘ತಾ’. ವ್ಯತ್ಯಾಸ ಬರವಣಿಗೆಯಲ್ಲಿ ಮಾತ್ರ. ಪ್ರತಿ ಸಲ ತಿದ್ದಿದರೆ ಮಗು ಮಾತೇ ನಿಲ್ಲಿಸುತ್ತದೆ. ಚಿತ್ರ ತೋರಿಸಿ ‘ಹೀ’, ‘ಶೀ’ ಎರಡನ್ನೇ ಐದು ನಿಮಿಷ ಆಡಿಸುವುದು ಮೇಲು.

‘ಲೈಟ್ ಓಪನ್ ಮಾಡಿ’, ‘ಔಷಧಿ ತಿಂದೆ’ ಎಂಬಂಥವೂ ಚೀನಿಯ ನೇರ ಅನುವಾದ. ನಾವು ದೀಪ ‘ಹಾಕುವವರು’, ಆಡಿಕೊಳ್ಳುವ ಹಕ್ಕಿಲ್ಲ ಬಿಡಿ.

ನಿಜವಾದ ಪೇಚಾಟ ಸಂಖ್ಯೆಗಳದ್ದು. ಅವರ ಎಣಿಕೆಯಲ್ಲಿ 10,000ಕ್ಕೆ ‘ವಾನ್’ ಎಂಬ ಪ್ರತ್ಯೇಕ ಹೆಸರಿದೆ, ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಒಂದು ಸೊನ್ನೆ ಹಾರಿಹೋಗಿ ಮನೆ ಬಾಡಿಗೆಯ ಬೆಲೆಗೆ ಮನೆಯೇ ಮಾರಾಟವಾಗುತ್ತದೆ! ಹಲಗೆಯ ಮೇಲೆ ಅದೇ ಸಂಖ್ಯೆಯನ್ನು ಎರಡು ಸಲ ಬರೆಯಿರಿ: 10,0000 ಮತ್ತು 100,000. ಅಲ್ಪವಿರಾಮ ಎಲ್ಲಿ ಸರಿಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಶಿಕ್ಷಕರ ಸರದಿ ಹೋಟೆಲಿನಲ್ಲಿ. ‘ಶುಯಿಜ್ಯಾವ್’ ಎನ್ನುವಾಗ ದನಿ ಮೊದಲು ಏರಿ ಆಮೇಲೆ ತಗ್ಗಿದರೆ ಬೇಯಿಸಿದ ಕಡುಬು ಬರುತ್ತದೆ. ಎರಡೂ ಅಕ್ಷರಗಳಲ್ಲಿ ದನಿ ಥಟ್ಟನೆ ಇಳಿದರೆ ಅದು ನಿದ್ದೆ. ‘ಒಂದು ತಟ್ಟೆ ನಿದ್ದೆ ಕೊಡಿ’ ಎಂದರೂ ಅಂಗಡಿಯವರು ಕಡುಬನ್ನೇ ಕೊಡುತ್ತಾರೆ, ನಕ್ಕ ಮೇಲೆ.

– ಇಂಗ್ಲಿಷ್ ಶಿಕ್ಷಕಿ, ತೈಪೆ