ಗಿರಣಿ ಕೆಲಸಕ್ಕೆ ಸೇರಿದ ಅಳಿಯನಿಗೆ

ಜಗಳೂರು

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ದಾವಣಗೆರೆಯ ನೂಲಿನ ಗಿರಣಿಯಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ನಿಮ್ಮಮ್ಮ ಹೇಳಿದಳು. ಹತ್ತಿ ಬಿಡಿಸುವ ಬ್ಲೋ ರೂಮು, ಎಳೆ ಬಾಚುವ ಕಾರ್ಡಿಂಗ್ ಕಡೆ ಹಾಕಿದ್ದಾರಂತೆ. ನಾನು ದುಡಿದದ್ದೂ ಅದೇ ಖಾತೆಯಲ್ಲಿ. ಫೋನಿನಲ್ಲಿ ಎಲ್ಲ ಹೇಳಿ ಮುಗಿಯುವುದಿಲ್ಲ, ಬರೆದರೆ ನಿನ್ನ ಹತ್ತಿರ ಉಳಿಯುತ್ತದೆ.

ಮೊದಲು ಧೂಳಿನ ಮಾತು. ಹತ್ತಿ ಬೇಲು ಒಡೆದು ಬಿಡಿಸುವ ಜಾಗದಲ್ಲಿ ಧೂಳು ಎಲ್ಲಕ್ಕಿಂತ ಜಾಸ್ತಿ. ಕಣ್ಣಿಗೆ ಕಾಣುವ ಎಳೆ ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಬರುವ ಕಾಯಿಲೆಗೆ ಡಾಕ್ಟರುಗಳು ಬಿಸಿನೋಸಿಸ್ ಅನ್ನುತ್ತಾರೆ. ಅದರ ಗುರುತು ವಿಚಿತ್ರ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ಮರುದಿನದ ಹೊತ್ತಿಗೆ ಕಡಿಮೆ ಆಗುತ್ತದೆ. ರಜೆಯಲ್ಲಿ ತಣ್ಣೀರು ಕುಡಿದದ್ದಕ್ಕೆ ಹೀಗಾಯಿತು ಅಂತ ಹುಡುಗರು ಸುಮ್ನೆ ಇದ್ದುಬಿಡುತ್ತಾರೆ. ಆ ಹಂತದಲ್ಲಿ ಧೂಳಿನಿಂದ ದೂರ ಸರಿದರೆ ಎದೆ ಮತ್ತೆ ಸರಿಹೋಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಮೆಟ್ಟಿಲು ಹತ್ತಲೂ ಆಗದ ಸ್ಥಿತಿ ಬರುತ್ತದೆ, ಆಮೇಲೆ ಯಾವ ಮಾತ್ರೆಯೂ ಅದನ್ನು ಪೂರ್ತಿ ವಾಸಿ ಮಾಡುವುದಿಲ್ಲ. ಬೀಡಿ ಸೇದುವವರಿಗೆ ಇನ್ನೂ ಬೇಗ. ನೀನು ಕಲಿತಿಲ್ಲ, ಕಲಿಯಲೂ ಬೇಡ.

ಹೆಗಲ ಮೇಲಿನ ಟವೆಲ್ಲು ಮೂಗಿಗೆ ಕಟ್ಟಿಕೊಂಡರೆ ಈ ಸಣ್ಣ ಧೂಳು ನಿಲ್ಲುವುದಿಲ್ಲ. ಒಳ್ಳೆ ಮಾಸ್ಕ್ ಕೇಳಿ ತೊಟ್ಟುಕೋ. ಆದರೆ ಧೂಳು ಎಳೆದು ಹೊರಗೆ ಹಾಕುವ ಫ್ಯಾನು, ಕೊಳವೆ ಸರಿಯಾಗಿ ಓಡುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಮಾಸ್ಕ್ ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ. ಗಾಳಿ ಪೈಪು ಹಿಡಿದು ಮೆಷಿನ್ ಊದಿ ಸ್ವಚ್ಛ ಮಾಡುವಾಗ ಹತ್ತಿರ ನಿಲ್ಲಬೇಡ.

ಡಾಕ್ಟರ ಹತ್ತಿರ ಹೋದಾಗ ಹತ್ತಿ ಗಿರಣಿಯ ಕಾರ್ಡಿಂಗ್‌ನಲ್ಲಿ ಕೆಲಸ ಅಂತ ಬಾಯಿಬಿಟ್ಟು ಹೇಳು, ಚೀಟಿಯಲ್ಲಿ ಬರೆಸು. ಹೇಳದಿದ್ದರೆ ಬರೀ ದಮ್ಮು ಅಂತ ಮಾತ್ರೆ ಕೊಟ್ಟು ಕಳಿಸುತ್ತಾರೆ. ಇದು ಕೆಲಸದಿಂದ ಬರುವ ಕಾಯಿಲೆ ಅಂತ ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, ಅನ್ವಯಿಸುವ ಕಾನೂನಿನ ಪಟ್ಟಿಯಲ್ಲೇ ಇದೆ. ಆದರೆ ನೀನು ಯಾವ ಖಾತೆಯಲ್ಲಿ, ಎಷ್ಟು ವರ್ಷ ಇದ್ದೆ ಅಂತ ತೋರಿಸಲು ಕಾಗದ ಬೇಕು. ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ, ಮಗಾ. ಕೆಲಸದಲ್ಲಿ ನಿನ್ನ ಮೈಗೆ ಏನಾದರೂ ಅದು ಕಾಗದದ ಮೇಲೆ ಬರಬೇಕು.

ನನ್ನ ಪಾಳಿಯಲ್ಲಿ ಒಬ್ಬನಿದ್ದ. ಸ್ವಿಚ್ ಆಫ್ ಆಗಿದೆ ಅಂತ ನಂಬಿ ಕಾರ್ಡಿಂಗ್ ಮೆಷಿನ್ನಿಗೆ ಕೈ ಹಾಕಿದ. ಆ ಸಿಲಿಂಡರ್ ಭಾರಿ ತೂಕದ್ದು, ಕರೆಂಟು ನಿಂತ ಮೇಲೂ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮೇಸ್ತ್ರಿ, "ಮನೇಲಿ ಆಯ್ತು ಅಂತ ಬರೆಸಪ್ಪಾ, ಖರ್ಚೆಲ್ಲಾ ನಾವು ನೋಡ್ಕೋತೀವಿ" ಅಂದ. ಇವನು ಹಾಗೇ ಬರೆಸಿದ. ಆಸ್ಪತ್ರೆ ಬಿಲ್ಲು ಕಟ್ಟಿದರು, ಕೈಗೆ ಸ್ವಲ್ಪ ದುಡ್ಡು ಕೊಟ್ಟರು. ಗಿರಣಿಯಲ್ಲಿ ಆದದ್ದು ಅಂತ ಬರೆಸಿದ್ದರೆ ಅಂಗ ಊನಕ್ಕೆ ಜೀವನಪೂರ್ತಿ ತಿಂಗಳು ತಿಂಗಳು ಹಣ ಬರುತ್ತಿತ್ತು. ಅವನ ಹೆಂಡತಿ ಕಚೇರಿಗೆ ಅಲೆದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಸಿಲಿಂಡರ್ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡದೆ ಮೆಷಿನ್ನಿನ ಗಾರ್ಡ್, ಅಂದರೆ ಮುಚ್ಚಳ, ತೆಗೆಯಬೇಡ, ಯಾರು ಅವಸರ ಮಾಡಿದರೂ. ಸಣ್ಣ ಗಾಯವಾದರೂ ಅಪಘಾತದ ಪುಸ್ತಕದಲ್ಲಿ ಬರೆಸು. ಪಾಳಿಗೆ ಹೋಗುವ, ಬರುವ ದಾರಿಯಲ್ಲಿ ಬಿದ್ದರೂ ಕೆಲಸದ ಅಪಘಾತ ಅಂತಲೇ ಇಎಸ್‌ಐ ಪರಿಗಣಿಸುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ನೀನು ಗುತ್ತಿಗೆದಾರನ ಮೂಲಕ ಸೇರಿದ್ದೀಯ ಅಲ್ವಾ? ನೇಮಕಾತಿ ಪತ್ರ ಕೇಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ಕೊಡಲೇಬೇಕು. ಸಂಬಳದಲ್ಲಿ ಇಎಸ್‌ಐಗೆ ನಿನ್ನ ಪಾಲು ನೂರಕ್ಕೆ 75 ಪೈಸೆ, ಮಾಲೀಕರ ಪಾಲು 3 ರೂಪಾಯಿ 25 ಪೈಸೆ. ಹಿಡಿದದ್ದನ್ನು ಕಟ್ಟಿದ್ದಾರಾ ಅಂತ ನೋಡಿಕೋ. ಪಿಎಫ್ ಪಾಸ್‌ಬುಕ್ಕನ್ನೂ ಮೊಬೈಲಿನಲ್ಲೇ ನೋಡಬಹುದು. ವಾರಕ್ಕೆ 48 ಗಂಟೆ ಮೀರಿ ದುಡಿಸಿಕೊಂಡರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ಗುತ್ತಿಗೆದಾರ ಕೈಎತ್ತಿದರೆ ಸಂಬಳ ಕೊಡುವ ಹೊಣೆ ಗಿರಣಿಯದ್ದು. ಓಟಿ ಗಂಟೆಗಳನ್ನು ನೀನೇ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡು.

ಒಬ್ಬನೇ ಹೋಗಿ ಮ್ಯಾನೇಜರ ಜೊತೆ ಜಗಳಕ್ಕೆ ನಿಲ್ಲಬೇಡ. ಹೊಸಬ ನೀನು, ಮರುದಿನವೇ ಗೇಟಿನ ಹೊರಗೆ ನಿಲ್ಲಿಸುತ್ತಾರೆ. ನಿನ್ನ ಖಾತೆಯ ನಾಲ್ಕು ಜನ ಸೇರಿ ಕೇಳಿ, ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಸಂಘ ಇದ್ದರೆ ಸೇರು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು ನಿನ್ನದು. ಅಲ್ಲಿ ಸಂಘದ ಮಾತು ಆಡಲು ಹೆದರಬೇಕಾಗಿಲ್ಲ. ಅಲ್ಲೂ ಆಗದಿದ್ದರೆ ಕಾರ್ಮಿಕ ಇಲಾಖೆ ಇದೆ. ಮೆಷಿನ್ನು, ಧೂಳಿನ ವಿಷಯಕ್ಕೆ ಕಾರ್ಖಾನೆಗಳ ಇಲಾಖೆಗೆ ದೂರು ಕೊಡಬೇಕು.

ರಾತ್ರಿ ಪಾಳಿ ಮುಗಿಸಿ ಬಂದು ಖಾಲಿ ಹೊಟ್ಟೆಯಲ್ಲಿ ಮಲಗಬೇಡ. ರೂಮಿನ ಹತ್ತಿರ ಮೆಸ್ಸು ಸರಿಯಿಲ್ಲದಿದ್ದರೆ ತಿಳಿಸು, ನಿಮ್ಮತ್ತೆ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಾಳೆ.

ಈ ತಿಂಗಳ ಸಂಬಳದ ಚೀಟಿ ಬಂದ ಕೂಡಲೇ ಅದರ ಫೋಟೋ, ಇಎಸ್‌ಐ ನಂಬರು ನನಗೆ ವಾಟ್ಸಾಪ್ ಮಾಡು. ಚೀಟಿಯನ್ನೇ ಕೊಡದಿದ್ದರೆ ಅದನ್ನೂ ತಿಳಿಸು, ನಾನೇ ಒಂದು ದಿನ ದಾವಣಗೆರೆಗೆ ಬರುತ್ತೇನೆ.

ಇಂತಿ ನಿನ್ನ ಮಾವ