ಸಮೀಕ್ಷೆ: ಮೊದಲು ಕೋಷ್ಟಕ, ಆಮೇಲೆ ಲಿಂಕ್

ಮಾನ್ಯ ಸಂಪಾದಕರೇ,

ಸ್ನಾತಕೋತ್ತರ ಕಿರುಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ದಯವಿಟ್ಟು ಈ ಫಾರ್ಮ್ ತುಂಬಿ, ಎರಡೇ ನಿಮಿಷ’ ಎಂಬ ಲಿಂಕ್‌ಗಳು ಹರಿದಾಡತೊಡಗುತ್ತವೆ. ವಾಣಿಜ್ಯವಿರಲಿ, ಸಮಾಜಕಾರ್ಯವಿರಲಿ, ಶಿಕ್ಷಣವಿರಲಿ, ಕ್ರಮ ಒಂದೇ: ಮೊದಲು ಗೂಗಲ್ ಫಾರ್ಮ್ಸ್, ಆಮೇಲೆ ಎಕ್ಸೆಲ್, ಕೊನೆಯ ವಾರದಲ್ಲಿ ‘ಎಸ್‌ಪಿಎಸ್‌ಎಸ್‌ನಲ್ಲಿ ಹಾಕಿ ಕೊಡುವವರು’ (ಅದು ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್) ಯಾರಿದ್ದಾರೆ ಎಂಬ ಹುಡುಕಾಟ. ಈ ಕ್ರಮವೇ ತಿರುವುಮುರುವಾಗಿದೆ. ವರದಿಯಲ್ಲಿ ಬರಬೇಕಾದ ಕೋಷ್ಟಕಗಳನ್ನು ಅಂಕಿಗಳಿಲ್ಲದೆ, ಬರಿಯ ಅಡ್ಡಸಾಲು ಕಂಬಸಾಲುಗಳಾಗಿ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಯಾವ ಪ್ರಶ್ನೆ ಬೇಕು, ಉತ್ತರ ಯಾವ ರೂಪದಲ್ಲಿ ಬರಬೇಕು, ಯಾವ ಸಾಫ್ಟ್‌ವೇರ್ ಸಾಕು ಎಂಬುದೆಲ್ಲ ಆ ಖಾಲಿ ಕೋಷ್ಟಕದಿಂದಲೇ ತಿಳಿಯುತ್ತದೆ. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇಲ್ಲ.

ಉತ್ತರಿಸುವವರ ಕೈಯಲ್ಲಿ ಫೋನ್, ಇಂಟರ್ನೆಟ್ ಎರಡೂ ಇದ್ದು, ಪ್ರಶ್ನೆಗಳು ಇಪ್ಪತ್ತು ಮೂವತ್ತರೊಳಗಿದ್ದರೆ ಗೂಗಲ್ ಫಾರ್ಮ್ಸ್ ಸಾಕು. ಆದರೆ ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೆ ಗೂಗಲ್ ಖಾತೆಗೆ ಲಾಗಿನ್ ಆಗದೆ ತುಂಬಲಾಗದು, ಖಾತೆಯ ಗೊಡವೆ ಬೇಡವೆನ್ನುವವರು ಅಲ್ಲಿಗೇ ಹೊರಗುಳಿಯುತ್ತಾರೆ. ಮಿತಿ ಹಾಕದಿದ್ದರೆ ಒಬ್ಬರೇ ನಾಲ್ಕು ಸಲ ತುಂಬಬಹುದು. ಸಿಗ್ನಲ್ ಸಿಗದ ಮಲೆನಾಡಿನ ಹಳ್ಳಿಗೆ ಮನೆ ಮನೆ ಸಮೀಕ್ಷೆಗೆ ಹೋಗುವವರಿಗೆ ಇದು ಸಲ್ಲದು. ಅವರಿಗೆ ಕೋಬೋಟೂಲ್‌ಬಾಕ್ಸ್ ಅಥವಾ ಅದರ ಮೂಲವಾದ ಒಡಿಕೆ ಎಂಬ ಸಮೀಕ್ಷೆಯ ಆ್ಯಪ್ ಸರಿ. ಆ್ಯಂಡ್ರಾಯ್ಡ್ ಫೋನ್‌ನಲ್ಲಿ ಇಂಟರ್ನೆಟ್ ಇಲ್ಲದೆಯೂ ತುಂಬಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಕನ್ನಡ ಮತ್ತು ಇಂಗ್ಲಿಷ್ ಪ್ರಶ್ನೆಗಳನ್ನು ಒಂದೇ ನಮೂನೆಯಲ್ಲಿ ಬೇರೆ ಬೇರೆ ಕಾಲಂಗಳಲ್ಲಿ ಬರೆದರೆ ಕೇಳುವವರು ಭಾಷೆ ಬದಲಿಸಿಕೊಳ್ಳಬಹುದು, ಉತ್ತರ ಮಾತ್ರ ಒಂದೇ ಕಾಲಂಗೆ ಸೇರುತ್ತದೆ. ಗೂಗಲ್ ಫಾರ್ಮ್ಸ್‌ನಲ್ಲಿ ಎರಡು ಭಾಷೆಗೆ ಎರಡು ಫಾರ್ಮ್ ಮಾಡಿ ಆಮೇಲೆ ಎರಡು ಹಾಳೆಗಳನ್ನು ಜೋಡಿಸುವವರ ಪಾಡು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಸ್ವಂತ ಸರ್ವರ್‌ನಲ್ಲೇ ದತ್ತಾಂಶ ಇರಬೇಕೆಂದರೆ ಲೈಮ್‌ಸರ್ವೇ ಇದೆ. ಮುಕ್ತ ತಂತ್ರಾಂಶ, ಹಾಕಿಕೊಳ್ಳಲು ದುಡ್ಡಿಲ್ಲ, ನೋಡಿಕೊಳ್ಳಲು ಸರ್ವರ್ ಬಲ್ಲವರೊಬ್ಬರು ಬೇಕು.

ನಿಜವಾದ ನಷ್ಟವಾಗುವುದು ಪ್ರಶ್ನೆಯ ರೂಪದಲ್ಲಿ. ‘ನಿಮ್ಮ ಜಿಲ್ಲೆ?’ ಎಂದು ಖಾಲಿ ಜಾಗ ಬಿಟ್ಟರೆ ಕಲಬುರಗಿ, ಕಲಬುರ್ಗಿ, ಗುಲ್ಬರ್ಗಾ ಮೂರೂ ಬರುತ್ತವೆ, ಇಂಗ್ಲಿಷ್ ಲಿಪಿಯ ನಮೂನೆಗಳು ಬೇರೆ. ಕೊನೆಗೊಂದು ಖಾಲಿ ಸ್ಪೇಸ್ ಹೆಚ್ಚಾಗಿದ್ದರೂ ಕಂಪ್ಯೂಟರಿಗೆ ಅದು ಇನ್ನೊಂದು ಊರು. ಕನ್ನಡದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಅರ್ಧಾಕ್ಷರದ ಮುಂದೆ ಬರುವ, ಕಣ್ಣಿಗೆ ಕಾಣದ ಜೋಡಕ ಅಕ್ಷರಗಳನ್ನು ಒಂದು ಕೀಲಿಮಣೆ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಪದಗಳು ಎಣಿಕೆಯಲ್ಲಿ ಎರಡು ವರ್ಗಗಳಾಗಬಹುದು. ಆದ್ದರಿಂದ 31 ಜಿಲ್ಲೆಗಳ ಪಟ್ಟಿ ಕೊಟ್ಟು ಆರಿಸಲು ಹೇಳಿ, ಟೈಪ್ ಮಾಡಿಸಬೇಡಿ. ವಯಸ್ಸನ್ನು ‘18–25, 25–35’ ಎಂದು ಕೇಳಿದರೆ 25ರವರು ಎಲ್ಲಿ ಗುರುತು ಹಾಕಬೇಕು? ಅಂಕಿಯಾಗಿಯೇ ಕೇಳಿ, 18ರಿಂದ 100ರೊಳಗೆ ಮಾತ್ರ ಒಪ್ಪುವಂತೆ ಮಿತಿ ಹಾಕಿ. ಗುಂಪು ಮಾಡುವ ಕೆಲಸ ಆಮೇಲಿನದು. ಗುಂಪಿನಿಂದ ಅಂಕಿಯನ್ನು ಮರಳಿ ತೆಗೆಯಲಾಗದು.

‘ಅನ್ವಯಿಸುವುದಕ್ಕೆಲ್ಲ ಗುರುತು ಹಾಕಿ’ ಎಂಬ ಪ್ರಶ್ನೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಗೂಗಲ್ ಶೀಟ್‌ನಲ್ಲಿ ಗುರುತು ಹಾಕಿದ ಎಲ್ಲ ಉತ್ತರಗಳೂ ಅಲ್ಪವಿರಾಮ ಹಾಕಿಕೊಂಡು ಒಂದೇ ಚೌಕದಲ್ಲಿ ಕೂರುತ್ತವೆ. ಆಯ್ಕೆಯ ವಾಕ್ಯದೊಳಗೇ ‘ಬೀಜ, ಗೊಬ್ಬರದ ಬೆಲೆ’ ಎಂದು ಅಲ್ಪವಿರಾಮ ಇದ್ದರೆ ಬೇರ್ಪಡಿಸುವಾಗ ಒಂದು ಉತ್ತರ ಎರಡಾಗುತ್ತದೆ. ಕೋಬೋದಲ್ಲಿ ಪ್ರತಿ ಆಯ್ಕೆಗೂ 0 ಅಥವಾ 1 ಇರುವ ಪ್ರತ್ಯೇಕ ಕಾಲಂ ಪಡೆಯಬಹುದು, ವಿಶ್ಲೇಷಣೆಗೆ ಬೇಕಾದದ್ದೂ ಅದೇ. ಇನ್ನು ಸಮೀಕ್ಷೆ ನಡೆಯುತ್ತಿರುವಾಗಲೇ ಆಯ್ಕೆಯ ಪದ ತಿದ್ದಬೇಡಿ. ಹಳೆಯ ಉತ್ತರಗಳು ಹಳೆಯ ಪದದಲ್ಲೇ ಉಳಿದು ಒಂದು ವರ್ಗ ಎರಡಾಗಿ ಒಡೆಯುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಶ್ನಾವಳಿಯನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಉತ್ತರ ಬಂದ ಮೇಲೆ ಮೂಲ ಫೈಲ್‌ನ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಿ, ತಿದ್ದುಪಡಿಯೆಲ್ಲ ನಕಲಿನಲ್ಲಿ. ಕನ್ನಡ ಇರುವ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಬರಿಯ ಪಠ್ಯದ ಫೈಲ್) ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಅಕ್ಷರಗಳು ಕಲಸಿಹೋಗುವುದುಂಟು. ಅದು ಎನ್‌ಕೋಡಿಂಗ್‌ ಸಮಸ್ಯೆ, ಅಂದರೆ ಅಕ್ಷರಗಳ ಸಂಕೇತವನ್ನು ಎಕ್ಸೆಲ್ ತಪ್ಪಾಗಿ ಓದಿದೆ ಅಷ್ಟೇ, ದತ್ತಾಂಶ ಹಾಳಾಗಿರುವುದಿಲ್ಲ. ಗಾಬರಿಯಲ್ಲಿ ಹಾಗೇ ಸೇವ್ ಮಾಡಿಬಿಟ್ಟರೆ ಮಾತ್ರ ನಿಜವಾಗಿಯೂ ಹಾಳಾಗುತ್ತದೆ. ಮುಚ್ಚಿ, ಡೇಟಾ ಮೆನುವಿನ ಟೆಕ್ಸ್ಟ್/ಸಿಎಸ್‌ವಿ ದಾರಿಯಲ್ಲಿ ತಂದುಕೊಂಡು ಯುಟಿಎಫ್-8 ಆರಿಸಬೇಕು. ಉತ್ತರಿಸದವರಿಗೆ 99 ಎಂದು ಸಂಕೇತ ಕೊಟ್ಟಿದ್ದರೆ ಅದನ್ನು ‘ಮಿಸ್ಸಿಂಗ್’ ಎಂದು ಸಾಫ್ಟ್‌ವೇರ್‌ಗೆ ಹೇಳಲೇಬೇಕು. 200 ಜನರಲ್ಲಿ 190 ಮಂದಿಯ ಸರಾಸರಿ ವಯಸ್ಸು 32 ಎಂದುಕೊಳ್ಳಿ. ವಯಸ್ಸು ಹೇಳದ ಹತ್ತು ಮಂದಿಯ 99 ಲೆಕ್ಕಕ್ಕೆ ಸೇರಿದರೆ ಸರಾಸರಿ 35.35 ಆಗುತ್ತದೆ. ನೋಡುವವರಿಗೆ ಅನುಮಾನವೇ ಬಾರದ ಅಂಕಿ ಅದು, ಅಪಾಯವಿರುವುದೂ ಅದರಲ್ಲೇ.

ವಿಶ್ಲೇಷಣೆಗೆ ಎಸ್‌ಪಿಎಸ್‌ಎಸ್ ಒಳ್ಳೆಯ ಸಾಧನ, ಪರವಾನಗಿ ಇದ್ದವರು ಬಳಸಲಿ. ಕಳ್ಳಪ್ರತಿ ಹಾಕಿಕೊಂಡು ಕಂಪ್ಯೂಟರಿಗೆ ವೈರಸ್ ತಂದುಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಜಮೋವಿ, ಜಾಸ್ಪ್ ಎರಡೂ ಉಚಿತ. ಮೌಸ್‌ನಿಂದಲೇ ಟಿ-ಪರೀಕ್ಷೆ, ಕೈ-ವರ್ಗ (ಕೈ-ಸ್ಕ್ವೇರ್), ಅನೋವಾ, ರಿಗ್ರೆಶನ್ ಮುಂತಾದ ಅಂಕಿಅಂಶ ಪರೀಕ್ಷೆಗಳೆಲ್ಲ ಆಗುತ್ತವೆ. ಎಸ್‌ಪಿಎಸ್‌ಎಸ್‌ನ ಪರದೆಗೇ ಕಣ್ಣು ಒಗ್ಗಿದವರಿಗೆ ಪಿಎಸ್‌ಪಿಪಿ ಇದೆ. ಜಮೋವಿ ನಡೆಯುವುದು ಅಂಕಿಅಂಶಕ್ಕೆ ಬಳಸುವ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ, ಸಿಂಟ್ಯಾಕ್ಸ್ ಮೋಡ್ ಹಾಕಿದರೆ ಹಿಂದಿನ ಆರ್ ಆಜ್ಞೆ ಕಾಣುತ್ತದೆ. ಪಿಎಚ್.ಡಿ.ಗೆ ಹೋಗುವವರು ಅಲ್ಲಿಂದಲೇ ಆರ್ ಕಲಿಯತೊಡಗಬಹುದು.

ಯಾವ ಸಾಫ್ಟ್‌ವೇರ್ ಆದರೂ ಒತ್ತಿದ ಗುಂಡಿಗೆ ಉತ್ತರ ಕೊಡುತ್ತದೆ, ಆ ಪರೀಕ್ಷೆ ಸಲ್ಲುತ್ತದೆಯೇ ಎಂದು ವಿಚಾರಿಸುವುದು ಬಳಸುವವರ ಕೆಲಸ. ‘ಆನ್‌ಲೈನ್ ತರಗತಿ ನನಗೆ ಅನುಕೂಲ’ ಎಂಬುದರ ಪಕ್ಕದಲ್ಲಿ ‘ಆನ್‌ಲೈನ್ ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ’ ಎಂಬ ಹೇಳಿಕೆ ಇದ್ದರೆ, 1ರಿಂದ 5ರವರೆಗಿನ ಒಪ್ಪಿಗೆಯ ಮಾಪನದಲ್ಲಿ ಎರಡನೆಯದರ ಅಂಕವನ್ನು 6ರಿಂದ ಕಳೆದು ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಕ್ರಾನ್‌ಬಾಕ್ ಆಲ್ಫಾ ಕುಸಿಯುತ್ತದೆ, ಋಣಾತ್ಮಕವೂ ಆಗಬಹುದು. ಎರಡು ವರ್ಗೀಕರಣಗಳಿಗೆ ಸಂಬಂಧವಿದೆಯೇ ಎಂದು ನೋಡುವ ಕೈ-ವರ್ಗ ಪರೀಕ್ಷೆಯಲ್ಲಿ ಶೇ 20ಕ್ಕಿಂತ ಹೆಚ್ಚು ಚೌಕಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ನಂಬುವಂತಿಲ್ಲ; ಅರ್ಥಪೂರ್ಣವಾಗಿ ವರ್ಗಗಳನ್ನು ಕೂಡಿಸಿ, ಇಲ್ಲವೇ ಫಿಶರ್ ಪರೀಕ್ಷೆ ಬಳಸಿ. ಎಸ್‌ಪಿಎಸ್‌ಎಸ್ ಪಿ-ಮೌಲ್ಯವನ್ನು (ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.000 ಎಂದು ತೋರಿಸಿದರೆ ಸೊನ್ನೆ ಎಂದರ್ಥವಲ್ಲ, ‘0.001ಕ್ಕಿಂತ ಕಡಿಮೆ’ ಎಂದು ಬರೆಯಬೇಕು. ಪರಸ್ಪರ ಸಂಬಂಧವಿಲ್ಲದ 20 ಪರೀಕ್ಷೆಗಳನ್ನು 0.05ರ ಮಟ್ಟದಲ್ಲಿ ಮಾಡಿದರೆ, ವ್ಯತ್ಯಾಸ ಎಲ್ಲೂ ಇಲ್ಲದಿದ್ದರೂ ಒಂದಾದರೂ ‘ಮಹತ್ವದ್ದು’ ಎಂದು ಬರುವ ಸಂಭವ ಸುಮಾರು ಶೇ 64. ಬಂದ ಒಂದನ್ನು ಮಾತ್ರ ಬರೆದು ಉಳಿದ ಹತ್ತೊಂಬತ್ತನ್ನು ಮರೆಮಾಚುವುದು ಓದುಗರಿಗೆ ಮಾಡುವ ಮೋಸ.

ಕೊನೆಯದಾಗಿ 384ರ ವಿಚಾರ. ಎಷ್ಟು ಜನರನ್ನು ಕೇಳಬೇಕು ಎಂಬುದಕ್ಕೆ ಉತ್ತರವಾಗಿ ಪ್ರಬಂಧದ ಮೇಲೆ ಪ್ರಬಂಧದಲ್ಲಿ ಈ ಸಂಖ್ಯೆ ಕಾಣುತ್ತದೆ. 1.96ರ ವರ್ಗವನ್ನು 0.25ರಿಂದ ಗುಣಿಸಿ 0.0025ರಿಂದ ಭಾಗಿಸಿದರೆ 384.16 ಬರುತ್ತದೆ, ಅಂದರೆ ಶೇ 95ರ ವಿಶ್ವಾಸದಲ್ಲಿ ಶೇ 5ರಷ್ಟು ಆಚೀಚೆ. ಆದರೆ ಆ ಸೂತ್ರ ನಿಲ್ಲುವುದು ಪೂರ್ತಿ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದವರ ಮೇಲೆ. ಫಾರ್ವರ್ಡ್ ಆಗುತ್ತ ಹೋದ ಲಿಂಕ್ ಎಷ್ಟು ಜನರನ್ನು ಮುಟ್ಟಿತು, ಎಷ್ಟು ಜನ ತೆರೆಯದೆ ಬಿಟ್ಟರು ಎಂಬುದೇ ತಿಳಿಯದಿರುವಾಗ 384 ಉತ್ತರ ಬಂದರೂ ಆ ಶೇ 5ರ ಮಾತು ಆಡುವಂತಿಲ್ಲ, 4,000 ಬಂದರೂ ಅಷ್ಟೇ. ಅಂಥ ಸಮೀಕ್ಷೆ ನಿಷ್ಪ್ರಯೋಜಕವೇನಲ್ಲ. ‘ಉತ್ತರಿಸಿದವರಲ್ಲಿ’ ಎಂದು ಬರೆಯಬೇಕು, ‘ಕರ್ನಾಟಕದ ಯುವಜನರಲ್ಲಿ’ ಎಂದು ಬರೆಯಬಾರದು. ಕಾಲೇಜಿನ ಹಾಜರಾತಿ ಪಟ್ಟಿಯಂಥದ್ದು ಕೈಯಲ್ಲಿದ್ದರೆ ಅದರಿಂದ ಆರಿಸಿ, ಆರಿಸಿದವರಿಗಷ್ಟೇ ಲಿಂಕ್ ಕಳಿಸಿ, ಎಷ್ಟು ಮಂದಿ ಉತ್ತರಿಸಿದರೆಂದು ವರದಿಯಲ್ಲಿ ಹೇಳಬಹುದು.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೋರಿಕೆ ಇಷ್ಟು: ಖಾಲಿ ಕೋಷ್ಟಕಗಳಿಗೆ ಮಾರ್ಗದರ್ಶಕರ ಸಹಿ ಬಿದ್ದ ಮೇಲೆಯೇ ಲಿಂಕ್ ಹೊರಡಲಿ. ಇಂಥದೇ ಸಾಫ್ಟ್‌ವೇರ್ ಬಳಸಬೇಕೆಂಬ ಷರತ್ತು ಬೇಡ. ಹೆಸರು, ಮೊಬೈಲ್ ಸಂಖ್ಯೆ, ಇಮೇಲ್ ಕಾಲಂಗಳನ್ನು ತೆಗೆದ ದತ್ತಾಂಶ, ಸಂಕೇತಗಳ ಪಟ್ಟಿ ಮತ್ತು ವಿಶ್ಲೇಷಣೆಯ ಆಜ್ಞೆಗಳ ಫೈಲ್ ಪ್ರಬಂಧದ ಜೊತೆಗೇ ಸಲ್ಲಿಕೆಯಾಗಲಿ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಆ ಫೈಲ್ ತೆರೆಸಿ, ಪ್ರಬಂಧದ ಯಾವುದಾದರೂ ಒಂದು ಕೋಷ್ಟಕವನ್ನು ವಿದ್ಯಾರ್ಥಿಯಿಂದಲೇ ಮತ್ತೆ ಮಾಡಿಸಿ ನೋಡಲಿ. ಐದು ನಿಮಿಷದ ಕೆಲಸ.

– ಸಂಶೋಧನಾ ವಿಧಾನ ಬೋಧಿಸುವ ಅಧ್ಯಾಪಕರು, ಧಾರವಾಡ