ಕಿವಿ ಬಿಸಿಯಾದಾಗಲೇ ಗೊತ್ತಾಗಬೇಕು

ಮಾನ್ಯರೇ,

ಕಂಡಕ್ಟರ್‌ಗಳು ಪ್ರಯಾಣಿಕರ ಮೇಲೆ ರೇಗುತ್ತಾರೆ ಎಂದು ಈ ಅಂಕಣಕ್ಕೆ ಆಗಾಗ ಪತ್ರ ಬರುತ್ತವೆ. ನಿಜ, ರೇಗುತ್ತೇವೆ. 22 ವರ್ಷದಿಂದ ಟಿಕೆಟ್ ಕೊಡುತ್ತಿದ್ದೇನೆ. ಹೋದ ವರ್ಷ 15 ರೂಪಾಯಿ ಟಿಕೆಟ್‌ಗೆ 500ರ ನೋಟು ಚಾಚಿದ ಹುಡುಗನನ್ನು ಜಡಿಮಳೆಯಲ್ಲಿ ಇಳಿಸಿಬಿಟ್ಟೆ. ದೂರು ಹೋಯಿತು, ಮೆಮೊ ಬಂತು. ಕೋಪ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಅದನ್ನೆಲ್ಲ ಮನೆಗೆ ಹೊತ್ತು ತಂದು ಹೆಂಡತಿ ಮೇಲೆ ಸುರಿದೆ.

ಮಗಳ ಕಾಟಕ್ಕೆ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋದೆ. "ಕೋಪ ಮಾಡ್ಕೋಬೇಡಿ" ಅಂತಾರೆ, ಮುಗೀತು ಅಂದುಕೊಂಡಿದ್ದೆ. ಅವರು ಕೇಳಿದ್ದು, "ಕೋಪ ಬಂದಾಗ ಮೈಯಲ್ಲಿ ಮೊದಲು ಏನಾಗುತ್ತೆ?" ಗೊತ್ತಿರಲಿಲ್ಲ. ಮೂರು ವಾರ ಗಮನಿಸಿದ ಮೇಲೆ ತಿಳಿಯಿತು, ನನಗೆ ಕಿವಿ ಬಿಸಿಯಾಗುತ್ತದೆ. ಬುದ್ಧ ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ ಹೇಳಿದ್ದೂ ಇದನ್ನೇ ಎಂದರು: ಮನಸ್ಸಿನಲ್ಲಿ ದ್ವೇಷವಿದ್ದರೆ ಇದೆ ಎಂದು ತಿಳಿ, ಇಲ್ಲದಿದ್ದರೆ ಇಲ್ಲ ಎಂದು ತಿಳಿ. ಆ ಉಪದೇಶವಿರುವ ಪಾಲಿ ಭಾಷೆಯಲ್ಲಿ ದ್ವೇಷಕ್ಕೆ 'ದೋಸ' ಅಂತಾರಂತೆ. ನಾನು ದೋಸೆ ಅಂತ ಕೇಳಿಸಿಕೊಂಡು ಇಬ್ಬರೂ ನಕ್ಕೆವು.

ಒಂದು ಕಥೆಯನ್ನೂ ಹೇಳಿದರು. ರಾಜಗೃಹದ ವೇಳುವನದಲ್ಲಿ ಭಾರದ್ವಾಜ ಕುಲದ ಬ್ರಾಹ್ಮಣನೊಬ್ಬ ಬುದ್ಧನನ್ನು ಬಾಯಿಗೆ ಬಂದಂತೆ ಬೈದನಂತೆ. ಬುದ್ಧ ಕೇಳಿದ, ಬಂದ ನೆಂಟರು ಉಣ್ಣದಿದ್ದರೆ ಮಾಡಿದ ಅಡುಗೆ ಯಾರದು? ನಮ್ಮದೇ ಎಂದ ಅವನು. ನಿನ್ನ ಬೈಗುಳವನ್ನೂ ನಾನು ತಗೊಂಡಿಲ್ಲ, ಅದು ನಿನ್ನದೇ ಎಂದನಂತೆ ಬುದ್ಧ. ಕಥೆ ಚೆನ್ನಾಗಿದೆ. ಆದರೆ ಸಂಜೆ ಆರಕ್ಕೆ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಅದು ನೆನಪಾಗುವುದಿಲ್ಲ. ಕಿವಿ ಬಿಸಿಯಾದದ್ದು ಮಾತ್ರ ಗೊತ್ತಾಗುತ್ತದೆ. ಆಗ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಟ್ಟು, ಸುಮ್ನೆ ಮುಂದಿನ ಸೀಟಿಗೆ ಹೋಗುತ್ತೇನೆ. ಅಷ್ಟರಲ್ಲಿ ಕೋಪ ಅರ್ಧ ಇಳಿದಿರುತ್ತದೆ. ಇಳಿಯದ ದಿನವೂ ಇವೆ.

ನಮ್ಮ ಡಿಪೊದಲ್ಲಿ ಬ್ರೇಕ್ ಪರೀಕ್ಷೆ ತಪ್ಪದೆ ನಡೆಯುತ್ತದೆ. ಸಿಬ್ಬಂದಿಯನ್ನು ಮಾತ್ರ ಮೆಮೊ ಕೊಡುವಾಗಲೇ ವಿಚಾರಿಸುವುದು. ತಿಂಗಳಿಗೊಮ್ಮೆಯಾದರೂ ಒಬ್ಬ ಸಮಾಲೋಚಕರು ವಿಶ್ರಾಂತಿ ಕೊಠಡಿಗೆ ಬಂದು ಕೂರಲಿ. ಅದಾಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಡ್ಯೂಟಿ ಚಾರ್ಟ್ ಪಕ್ಕದಲ್ಲಿ ಅಂಟಿಸಲಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಹೆಸರು ಹಾಕಬೇಡಿ, ಇನ್ನೊಂದು ಮೆಮೊ ಬಂದೀತು.

– ಒಬ್ಬ ಬಸ್ ಕಂಡಕ್ಟರ್